ಗುಪ್ತ ಉಗ್ರ ಗುಂಪುಗಳ ಜಾಲ ವಿಶ್ಲೇಷಣೆ: ಕಡತದಿಂದ ನಕ್ಷೆಯವರೆಗೆ

ಜಾಲ ವಿಶ್ಲೇಷಣೆ ಎಂದರೆ ಗುಂಪಿನಲ್ಲಿ ಯಾರಿಗೆ ಯಾರೊಂದಿಗೆ ಸಂಬಂಧವಿತ್ತು ಎಂಬುದನ್ನು ನಕ್ಷೆಯಾಗಿ ಬಿಡಿಸಿ ಅಳೆಯುವುದು. ಈ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ತೀರ್ಪಿನ ಪ್ರತಿಯಿಂದ ಹೆಸರುಗಳನ್ನು ಹೆಕ್ಕಿ ಗೆಫಿಗೆ (ಜಾಲದ ಚಿತ್ರ ಬಿಡಿಸುವ ತಂತ್ರಾಂಶ) ಹಾಕಿದೆ, ಚಿತ್ರವೂ ಬಂತು. ಈಗ ಇದರಲ್ಲಿ ಮುಖ್ಯಸ್ಥ ಯಾರು ಅಂತ ಹೇಗೆ ಹೇಳುವುದು?" ಚಿತ್ರ ಬಂದ ಮೇಲೆ ಈ ಪ್ರಶ್ನೆ ಕೇಳಿದರೆ ತಡವಾಯಿತು ಎಂದೇ ಅರ್ಥ. ಯಾರನ್ನು ಸೇರಿಸಿದಿರಿ, ಯಾವುದನ್ನು ಸಂಬಂಧ ಎಂದು ಕರೆದಿರಿ, ಆ ಮಾಹಿತಿ ಯಾರ ಬಾಯಿಂದ ಬಂತು ಎಂಬುದೆಲ್ಲ ತೀರ್ಮಾನವಾಗಿದ್ದರೆ ಮಾತ್ರ ಚಿತ್ರಕ್ಕೆ ಬೆಲೆ. ಲೆಕ್ಕ ಹಾಕಲು ಕಂಪ್ಯೂಟರಿಗೆ ಒಂದು ಸೆಕೆಂಡೂ ಬೇಡ, ದತ್ತಾಂಶ ಸಿದ್ಧಪಡಿಸಲು ನಿಮಗೆ ತಿಂಗಳುಗಳು ಬೇಕು. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ದತ್ತಾಂಶದ ಬಗ್ಗೆಯೇ ಇದೆ.

ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅಪರಾಧಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಪತ್ರಕರ್ತರಿಗಾಗಿ ಇದನ್ನು ಬರೆದಿದೆ. ಸಾರ್ವಜನಿಕ ದಾಖಲೆಗಳು ಸಿಗುವ, ವಿಚಾರಣೆ ಮುಗಿದ ಪ್ರಕರಣಗಳನ್ನೇ ಆರಿಸಿಕೊಳ್ಳಿ. ಬದುಕಿರುವ ಯಾರ ಮೇಲೋ ಅನುಮಾನ ಬಂತೆಂದು ಅವರ ಸುತ್ತ ಜಾಲ ಕಟ್ಟುವುದಕ್ಕೆ ಈ ವಿಧಾನವನ್ನು ಬಳಸಲೇಬೇಡಿ. ಅದು ಏಕೆ ಅಪಾಯ ಎಂಬುದನ್ನು 9ನೇ ಹಂತದಲ್ಲಿ ಲೆಕ್ಕ ಹಾಕಿಯೇ ತೋರಿಸಿದೆ.

ಬೇಕಾಗುವವು

ಒಂದು ಸ್ಪ್ರೆಡ್‌ಶೀಟ್, ಚಿತ್ರ ಬಿಡಿಸಲು ಗೆಫಿ, ಲೆಕ್ಕಕ್ಕೆ ಆರ್ ಭಾಷೆಯ ಐಗ್ರಾಫ್ ಅಥವಾ ಪೈಥಾನ್‌ನ ನೆಟ್‌ವರ್ಕ್‌ಎಕ್ಸ್. ಇವೆಲ್ಲ ಉಚಿತ. ಯುಸಿಐನೆಟ್, ಪಾಯೆಕ್ ಕೂಡ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದಿದ್ದರೆ ಗೆಫಿಯೊಂದರಲ್ಲೇ ಶುರುಮಾಡಬಹುದು, ಆದರೆ 8ನೇ ಹಂತದ ಪರೀಕ್ಷೆಗೆ ಒಂದಿಷ್ಟು ಕೋಡ್ ಅನಿವಾರ್ಯ. ಇವೆಲ್ಲಕ್ಕಿಂತ ಮುಖ್ಯವಾಗಿ, ಅದೇ ಕಡತಗಳನ್ನು ನಿಮ್ಮ ನೆರವಿಲ್ಲದೆ ಓದಿ ಗುರುತು ಹಾಕಬಲ್ಲ ಇನ್ನೊಬ್ಬರು ಬೇಕು.

ಮೊದಲು ಒಂದೆರಡು ಪದಗಳು. ಜಾಲದಲ್ಲಿ ಒಬ್ಬೊಬ್ಬ ವ್ಯಕ್ತಿಯೂ ಒಂದು ಬಿಂದು. ಅದನ್ನೇ ನೋಡ್ ಎನ್ನುತ್ತಾರೆ. ಇಬ್ಬರ ನಡುವಿನ ಸಂಬಂಧ ಒಂದು ಕೊಂಡಿ, ಅಂದರೆ ಎಡ್ಜ್. ಒಬ್ಬರಿಂದ ಇನ್ನೊಬ್ಬರನ್ನು ತಲುಪಲು ದಾಟಬೇಕಾದ ಕೊಂಡಿಗಳ ಸಂಖ್ಯೆ ಅವರ ನಡುವಿನ ದೂರ. ಇರಬಹುದಾದ ಎಲ್ಲ ಕೊಂಡಿಗಳಲ್ಲಿ ನಿಜಕ್ಕೂ ಇರುವುದು ಎಷ್ಟು ಪಾಲು ಎಂಬುದು ಸಾಂದ್ರತೆ. ಮಿಕ್ಕವನ್ನು ಬಂದಲ್ಲೇ ಹೇಳುತ್ತೇವೆ.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಈ ಗುಂಪಿನ ರಚನೆ ಹೇಗಿತ್ತು" ಎಂಬುದು ಪ್ರಶ್ನೆಯಾಗಲಾರದು, ಅದಕ್ಕೆ ಯಾವ ಉತ್ತರ ಕೊಟ್ಟರೂ ಸರಿಯೆನಿಸುತ್ತದೆ. "ಹೊಸಬರು ಗುಂಪಿಗೆ ಸೇರಿದ್ದು ಬಂಧುತ್ವದ ದಾರಿಯಿಂದಲೋ, ತರಬೇತಿ ಶಿಬಿರದ ಪರಿಚಯದಿಂದಲೋ?" ಎಂದು ಕೇಳಿದರೆ ಯಾವ ಕೊಂಡಿಗಳನ್ನು ಹುಡುಕಬೇಕೆಂದು ಆಗಲೇ ತಿಳಿಯುತ್ತದೆ. "ಮುಖ್ಯಸ್ಥನ ಬಂಧನದ ನಂತರ ಗುಂಪು ಒಡೆಯಿತೋ, ಬೇರೆ ದಾರಿಯಲ್ಲಿ ಮತ್ತೆ ಬೆಸೆದುಕೊಂಡಿತೋ?" ಎಂದರೆ ಪ್ರತಿ ಕೊಂಡಿಗೂ ದಿನಾಂಕ ಬೇಕೆಂದು ತಿಳಿಯುತ್ತದೆ. ಪ್ರಶ್ನೆ ಬರೆದ ಹಾಳೆಯನ್ನು ಕಣ್ಣೆದುರು ಅಂಟಿಸಿಕೊಂಡಿರಿ.

2. ಗಡಿ ಎಳೆಯಿರಿ

ಸದಸ್ಯತ್ವದ ಪಟ್ಟಿ ಇಟ್ಟುಕೊಳ್ಳುವ ಗುಪ್ತ ಗುಂಪುಗಳು ವಿರಳ. ಹಾಗಾಗಿ ಯಾರು ಒಳಗೆ, ಯಾರು ಹೊರಗೆ ಎಂಬ ಗೆರೆಯನ್ನು ನೀವೇ ಎಳೆಯಬೇಕು. ಸಂಶೋಧಕ ಮಾಲ್ಕಮ್ ಸ್ಪ್ಯಾರೋ 1991ರಲ್ಲೇ ಅಪರಾಧ ಜಾಲಗಳ ದತ್ತಾಂಶಕ್ಕೆ ಮೂರು ಹುಟ್ಟುಗುಣಗಳಿವೆ ಎಂದು ಗುರುತಿಸಿದ್ದರು: ಅದು ಯಾವಾಗಲೂ ಅಪೂರ್ಣ, ಅದರ ಗಡಿ ಮಸುಕು, ಅದು ನಿಂತಲ್ಲಿ ನಿಲ್ಲದೆ ಬದಲಾಗುತ್ತಲೇ ಇರುತ್ತದೆ. ಇವತ್ತಿಗೂ ಈ ಕೆಲಸದಲ್ಲಿ ಎಡವುವವರು ಈ ಮೂರರಲ್ಲಿ ಒಂದಕ್ಕೇ ಎಡವುತ್ತಾರೆ.

ಬಳಸಬಹುದಾದ ನಿಯಮ ಹೀಗಿರಲಿ: "2000ದಿಂದ 2005ರ ನಡುವೆ ಈ ಗುಂಪಿನ ಕೃತ್ಯ, ತರಬೇತಿ ಅಥವಾ ಹಣಕಾಸಿನಲ್ಲಿ ಪಾಲ್ಗೊಂಡಿದ್ದಾರೆಂದು ಕನಿಷ್ಠ ಎರಡು ಸ್ವತಂತ್ರ ದಾಖಲೆಗಳು ಹೇಳುವವರು ಮಾತ್ರ." ಎರಡು ಪತ್ರಿಕೆಗಳು ಒಂದೇ ಪೊಲೀಸ್ ಹೇಳಿಕೆಯನ್ನು ಅಚ್ಚು ಹಾಕಿದ್ದರೆ ಅದನ್ನು ಎರಡು ದಾಖಲೆ ಎಂದು ಎಣಿಸುವಂತಿಲ್ಲ.

ಮನೆ ಬಾಡಿಗೆಗೆ ಕೊಟ್ಟ ಮಾಲೀಕ, ಟಿಕೆಟ್ ಮಾಡಿಕೊಟ್ಟ ಏಜೆಂಟ್, ಆರೋಪಿಯ ತಾಯಿ, ಇವರ ಹೆಸರುಗಳೂ ಕಡತದಲ್ಲಿ ಇರುತ್ತವೆ. ಅವರನ್ನು ಬಿಂದುಗಳಾಗಿ ಸೇರಿಸಿದರೆ ಮನೆ ಮಾಲೀಕನೇ ಎರಡು ತಂಡಗಳ ನಡುವಿನ ಸೇತುವೆಯಂತೆ ಕಾಣಬಹುದು. ಗುಂಪಿನ ಉದ್ದೇಶ ತಿಳಿದೂ ಪಾಲ್ಗೊಂಡರು ಎಂಬುದಕ್ಕೆ ದಾಖಲೆ ಇಲ್ಲದವರನ್ನು ಹೊರಗಿಡಿ. ಗೊಂದಲವಿದ್ದಾಗ ಹೊರಗಿಡುವ ಕಡೆಗೇ ವಾಲಿ.

3. ಮೂಲಗಳನ್ನು ಸೇರಿಸಿ, ಅವುಗಳ ಒಲವನ್ನೂ ಬರೆದಿಡಿ

ನ್ಯಾಯಾಲಯದ ತೀರ್ಪು, ವಿಚಾರಣಾ ಆಯೋಗದ ವರದಿ, ದೋಷಾರೋಪ ಪಟ್ಟಿ, ಸಂಶೋಧನಾ ಸಂಸ್ಥೆಗಳ ವಿವರವಾದ ವರದಿ, ಪತ್ರಿಕಾ ವರದಿ. ನಂಬಿಕೆಯ ದೃಷ್ಟಿಯಿಂದ ಸರಿಸುಮಾರು ಇದೇ ಕ್ರಮ. ದೋಷಾರೋಪ ಪಟ್ಟಿ ಒಂದು ಕಡೆಯ ವಾದ ಮಾತ್ರ, ಅದರಲ್ಲಿದ್ದದ್ದು ತೀರ್ಪಿನಲ್ಲಿ ಬಿದ್ದುಹೋಗಿರಬಹುದು. ತೀರ್ಪು ಇದ್ದರೆ ಅದನ್ನೇ ಮೊದಲು ಓದಿ.

ಸ್ವಂತ ಸಂಗ್ರಹಕ್ಕೆ ಇಳಿಯುವ ಮುನ್ನ ಸಿದ್ಧ ದತ್ತಾಂಶದಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಇಂಡೋನೇಷ್ಯಾದಲ್ಲಿ ಬಾಂಬ್ ದಾಳಿಗಳನ್ನು ಸಂಘಟಿಸಿದ ನೂರ್ದಿನ್ ಟಾಪ್‌ನ ಜಾಲ ಇದಕ್ಕೆ ಹೇಳಿಮಾಡಿಸಿದ್ದು. ಸಂಘರ್ಷಗಳನ್ನು ಅಧ್ಯಯನ ಮಾಡುವ ಇಂಟರ್‌ನ್ಯಾಷನಲ್ ಕ್ರೈಸಿಸ್ ಗ್ರೂಪ್ ಸಂಸ್ಥೆ 2006ರಲ್ಲಿ ಪ್ರಕಟಿಸಿದ ವರದಿಯನ್ನು ಆಧರಿಸಿ ಅಮೆರಿಕದ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲಿನ ನ್ಯಾನ್ಸಿ ರಾಬರ್ಟ್ಸ್ ಮತ್ತು ಶಾನ್ ಎವರ್ಟನ್ 79 ವ್ಯಕ್ತಿಗಳ ಸಂಬಂಧಗಳನ್ನು ವಿಂಗಡಿಸಿದರು. ಬಂಧುತ್ವ, ಸ್ನೇಹ, ಸಹಪಾಠಿತನ, ಸಭೆ, ತರಬೇತಿ, ಸರಬರಾಜು, ಕಾರ್ಯಾಚರಣೆ ಎಲ್ಲವೂ ಬೇರೆ ಬೇರೆ ಪದರಗಳಲ್ಲಿವೆ. ಈ ಪದರಗಳನ್ನು ಒಂದೊಂದಾಗಿ ಚಿತ್ರಿಸಿ ನೋಡಿದರೆ ಒಂದೇ ಗುಂಪು ಎಷ್ಟು ಬೇರೆ ಬೇರೆ ಆಕಾರಗಳಲ್ಲಿ ಕಾಣುತ್ತದೆ ಎಂಬುದು ಮನದಟ್ಟಾಗುತ್ತದೆ.

ಒಂದು ಎಚ್ಚರಿಕೆ. ಸಿಕ್ಕಿಬಿದ್ದವರ ಬಗ್ಗೆ ದಾಖಲೆ ದಪ್ಪ, ತಪ್ಪಿಸಿಕೊಂಡವರ ಬಗ್ಗೆ ತೆಳು. ತನಿಖಾಧಿಕಾರಿಗಳು ತಮಗೆ ಮೊದಲು ಸಿಕ್ಕವನ ಫೋನು, ಡೈರಿ, ಪರಿಚಯಸ್ಥರನ್ನೆಲ್ಲ ಜಾಲಾಡಿರುತ್ತಾರೆ, ಹಾಗಾಗಿ ಅವನ ಕೊಂಡಿಗಳು ಸಹಜವಾಗಿಯೇ ಹೆಚ್ಚಿರುತ್ತವೆ. ಅವನು ನಿಮ್ಮ ನಕ್ಷೆಯ ನಡುಮಧ್ಯಕ್ಕೆ ಬಂದು ಕುಳಿತರೆ ಅದು ಗುಂಪಿನಲ್ಲಿ ಅವನ ಸ್ಥಾನವೋ, ತನಿಖೆಯ ಹಾದಿಯೋ ಎಂದು ಕೇಳಿಕೊಳ್ಳಬೇಕು. ಪ್ರತಿ ವ್ಯಕ್ತಿಯ ಎದುರು "ಎಷ್ಟು ಪುಟಗಳಲ್ಲಿ ಉಲ್ಲೇಖ" ಎಂಬ ಅಂಕಣ ಇಟ್ಟುಕೊಳ್ಳಿ. ಮುಂದೆ ಕೊಂಡಿಗಳ ಸಂಖ್ಯೆಯೂ ಪುಟಗಳ ಸಂಖ್ಯೆಯೂ ಜೊತೆಜೊತೆಗೇ ಏರಿಳಿಯುತ್ತಿದ್ದರೆ, ನೀವು ಅಳೆದದ್ದು ಕಡತದ ದಪ್ಪವನ್ನು.

4. 'ಕೊಂಡಿ' ಎಂದರೇನು ಎಂದು ಬರೆದು ನಿರ್ಧರಿಸಿ

ಇಡೀ ಕೆಲಸದ ಬುಡ ಇದು. "ಇವರಿಬ್ಬರಿಗೂ ನಂಟಿತ್ತು" ಎಂಬ ವಾಕ್ಯದ ಮೇಲೆ ಕೊಂಡಿ ಎಳೆಯಬೇಡಿ. ಯಾವ ನಂಟು?

ಕನಿಷ್ಠ ಎರಡು ಗುಂಪು ಮಾಡಿಕೊಳ್ಳಿ. ಒಂದು, ವಿಶ್ವಾಸದ ಕೊಂಡಿಗಳು: ರಕ್ತಸಂಬಂಧ, ಮದುವೆಯ ಸಂಬಂಧ, ಬಾಲ್ಯಸ್ನೇಹ, ಒಂದೇ ಶಾಲೆ, ಒಂದೇ ಜೈಲಿನ ಸಹವಾಸ. ಇನ್ನೊಂದು, ಕಾರ್ಯದ ಕೊಂಡಿಗಳು: ಸಭೆ, ತರಬೇತಿ, ಹಣದ ವರ್ಗಾವಣೆ, ಕೃತ್ಯದಲ್ಲಿ ಜೊತೆಗಿದ್ದದ್ದು. ಗುಪ್ತ ಸಂಘಟನೆಗಳು ಮೊದಲೇ ಇದ್ದ ವಿಶ್ವಾಸದ ಸಂಬಂಧಗಳ ಮೇಲೆ ಕಟ್ಟಿಕೊಳ್ಳುತ್ತವೆ ಎಂದು ಸಮಾಜಶಾಸ್ತ್ರಜ್ಞೆ ಬಾನಿ ಎರಿಕ್ಸನ್ 1981ರಲ್ಲಿ ವಾದಿಸಿದ್ದರು. 2004ರಲ್ಲಿ 172 ಜಿಹಾದಿ ಉಗ್ರರ ಜೀವನ ವಿವರಗಳನ್ನು ಪರಿಶೀಲಿಸಿದ ಮಾರ್ಕ್ ಸೇಜ್‌ಮನ್ ಕೂಡ ಸೇರ್ಪಡೆಯಲ್ಲಿ ಸ್ನೇಹ ಮತ್ತು ಬಂಧುತ್ವದ ಪಾತ್ರ ದೊಡ್ಡದೆಂದು ಕಂಡುಕೊಂಡರು. ಅಪಾಯದ ಕೆಲಸದಲ್ಲಿ ಗುರುತು ಪರಿಚಯವಿಲ್ಲದವನನ್ನು ಯಾರೂ ನಂಬುವುದಿಲ್ಲ, ಅದಕ್ಕೇ ಹಳೆಯ ನಂಟು ಅಲ್ಲಿ ಸುಪ್ತವಾಗಿದ್ದೂ ಕೆಲಸ ಮಾಡುತ್ತದೆ.

ಎರಡು ಬಗೆಯ ಕೊಂಡಿಗಳನ್ನು ಬೇರೆಯಿಟ್ಟರೆ ಏನು ಕಾಣುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆಯಿದೆ. 2001ರ ಸೆಪ್ಟೆಂಬರ್ 11ರ ದಾಳಿಯ 19 ಅಪಹರಣಕಾರರ ಜಾಲವನ್ನು ಜಾಲ ವಿಶ್ಲೇಷಕ ವಾಲ್ಡಿಸ್ ಕ್ರೆಬ್ಸ್ ಪತ್ರಿಕೆಗಳಲ್ಲಿ ಬಂದ ಮಾಹಿತಿಯಿಂದಲೇ ಚಿತ್ರಿಸಿದರು. ಮೊದಲಿನಿಂದ ಇದ್ದ ವಿಶ್ವಾಸದ ಕೊಂಡಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಇಬ್ಬರ ನಡುವಿನ ಸರಾಸರಿ ದೂರ 4.75 ಹೆಜ್ಜೆ. ಬರೀ 19 ಜನರ ಗುಂಪಿಗೆ ಇದು ತುಂಬಾ ಹೆಚ್ಚು. ಒಂದೇ ವಿಮಾನದಲ್ಲಿದ್ದವರಲ್ಲೂ ಕೆಲವರು ಒಬ್ಬರಿಗೊಬ್ಬರು ದೂರ. ಸಮನ್ವಯಕ್ಕಾಗಿ ನಡೆದ ಭೇಟಿಗಳಿಂದ ಹುಟ್ಟಿದ 6 ತಾತ್ಕಾಲಿಕ ಕೊಂಡಿಗಳನ್ನು ಸೇರಿಸಿದ ಕೂಡಲೇ ಸರಾಸರಿ 2.79ಕ್ಕೆ ಇಳಿಯಿತು. ಎರಡೂ ಬಗೆಯನ್ನು ಮೊದಲೇ ಕಲಸಿಬಿಟ್ಟಿದ್ದರೆ, ಬಿಡಿಬಿಡಿಯಾಗಿದ್ದು ಬೇಕಾದಾಗ ಮಾತ್ರ ಹತ್ತಿರ ಬರುವ ಈ ನಡೆ ಕಾಣುತ್ತಲೇ ಇರಲಿಲ್ಲ.

ಪ್ರತಿ ಬಗೆಯ ಕೊಂಡಿಗೂ ವ್ಯಾಖ್ಯೆ, ಸೇರಿಸಬೇಕಾದ ಒಂದು ಉದಾಹರಣೆ, ಸೇರಿಸಬಾರದ ಒಂದು ಉದಾಹರಣೆ ಬರೆದ ಕೈಪಿಡಿ ಮಾಡಿಕೊಳ್ಳಿ. ನಂತರ ನೀವೂ ನಿಮ್ಮ ಜೊತೆಗಾರರೂ ಅದೇ 30 ಪುಟಗಳನ್ನು ಬೇರೆ ಬೇರೆ ಕುಳಿತು ಗುರುತಿಸಿ, ಕೊಹೆನ್‌ನ ಕಪ್ಪಾ ಲೆಕ್ಕ ಹಾಕಿ. ಆಕಸ್ಮಿಕವಾಗಿ ಹೊಂದಿಕೆಯಾಗುವ ಪಾಲನ್ನು ಕಳೆದು, ಇಬ್ಬರ ಗುರುತುಗಳು ಎಷ್ಟು ಹೊಂದುತ್ತವೆ ಎಂದು ಹೇಳುವ ಅಳತೆ ಅದು. 0.8 ದಾಟಿದರೆ ಮುಂದುವರಿಯಿರಿ. 0.6ಕ್ಕಿಂತ ಕಡಿಮೆ ಬಂದರೆ ತಪ್ಪು ಜೊತೆಗಾರರದ್ದಲ್ಲ, ಕೈಪಿಡಿಯದ್ದು. ತಿದ್ದಿ ಬೇರೆ 30 ಪುಟಗಳಲ್ಲಿ ಮತ್ತೆ ಪರೀಕ್ಷಿಸಿ.

5. ಹಾಳೆಗಳನ್ನು ತುಂಬಿಸಿ

ಎರಡು ಹಾಳೆ ಸಾಕು. ವ್ಯಕ್ತಿಗಳ ಹಾಳೆಯಲ್ಲಿ ಗುರುತಿನ ಸಂಖ್ಯೆ, ಹೆಸರು, ಬೇರೆ ಹೆಸರುಗಳು, ಪಾತ್ರ, ಗುಂಪಿಗೆ ಸೇರಿದ ವರ್ಷ, ಬಂಧನ ಅಥವಾ ಸಾವಿನ ದಿನಾಂಕ, ಪ್ರಕರಣದ ಫಲಿತಾಂಶ, ಉಲ್ಲೇಖದ ಪುಟಗಳು. ಕೊಂಡಿಗಳ ಹಾಳೆಯಲ್ಲಿ ಇಬ್ಬರ ಗುರುತಿನ ಸಂಖ್ಯೆ, ಕೊಂಡಿಯ ಬಗೆ, ಆರಂಭ, ಅಂತ್ಯ, ಮೂಲ ದಾಖಲೆ, ಪುಟ, ಖಚಿತತೆ. ಖಚಿತತೆಗೆ 3 ಅಂಕ ಎಂದರೆ ನ್ಯಾಯಾಲಯ ಒಪ್ಪಿದ್ದು, 2 ಎಂದರೆ ಎರಡು ಸ್ವತಂತ್ರ ಮೂಲಗಳಲ್ಲಿ ಇರುವುದು, 1 ಎಂದರೆ ಒಂದೇ ಮೂಲದ್ದು. ಮೂಲ ಮತ್ತು ಪುಟ ಇಲ್ಲದ ಸಾಲನ್ನು ಹಾಳೆಯಲ್ಲಿ ಇಟ್ಟುಕೊಳ್ಳಬೇಡಿ.

ಸಭೆಗೆ ಆರಂಭ ಗೊತ್ತಿದ್ದು ಅಂತ್ಯ ಗೊತ್ತಿಲ್ಲದಿದ್ದರೆ ಕೋಶವನ್ನು ಖಾಲಿ ಬಿಡಿ. ಊಹಿಸಿದ ದಿನಾಂಕ ಆರು ತಿಂಗಳ ನಂತರ ನಿಮ್ಮ ಕಣ್ಣಿಗೇ ನಿಜವಾದ ದಿನಾಂಕದಂತೆ ಕಾಣುತ್ತದೆ.

ಹೆಸರುಗಳು ಅತಿ ದೊಡ್ಡ ತಲೆನೋವು. ಗುಪ್ತ ಗುಂಪಿನಲ್ಲಿ ಒಬ್ಬನಿಗೆ ನಾಲ್ಕೈದು ಹೆಸರು ಸಾಮಾನ್ಯ, ಅದರ ಮೇಲೆ ಲಿಪಿ ಬದಲಾದಾಗ ಕಾಗುಣಿತವೂ ಬದಲಾಗುತ್ತದೆ. ಒಬ್ಬನೇ ಇಬ್ಬರಾಗಿ ಒಡೆದರೆ ಅವನ ಮಹತ್ವ ಎರಡು ಪಾಲಾಗಿ ಮರೆಯಾಗುತ್ತದೆ. ಒಂದೇ ಅಡ್ಡಹೆಸರಿನ ಇಬ್ಬರು ಒಬ್ಬನಾಗಿ ಬೆಸೆದರೆ ಇಲ್ಲದ ಸೇತುವೆ ಹುಟ್ಟುತ್ತದೆ. ಎರಡನೆಯದು ಹೆಚ್ಚು ಹಾನಿಕರ, ಏಕೆಂದರೆ ಅದು ಎರಡು ತಂಡಗಳನ್ನು ಸುಳ್ಳಾಗಿ ಜೋಡಿಸುತ್ತದೆ. ಹೆಸರು ಹೊಂದಿದರೆ ಸಾಲದು. ಹುಟ್ಟಿದ ವರ್ಷ, ಊರು, ಪಾತ್ರದಲ್ಲಿ ಇನ್ನೊಂದಾದರೂ ಹೊಂದಿದಾಗ ಮಾತ್ರ ಬೆಸೆಯಿರಿ, ಬೆಸೆದದ್ದಕ್ಕೆ ಕಾರಣವನ್ನು ಪಕ್ಕದಲ್ಲೇ ಬರೆಯಿರಿ.

ಗೆಫಿಗೆ ಕೊಡುವಾಗ ಕಡತವನ್ನು ಸಿಎಸ್‌ವಿಯಾಗಿ, ಯುಟಿಎಫ್-8 ಸಂಕೇತದಲ್ಲಿ ಉಳಿಸಿ. ಇಲ್ಲವಾದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕೊಂಡಿಗಳ ಕಡತದ ತಲೆಸಾಲಿನಲ್ಲಿ ಸೋರ್ಸ್, ಟಾರ್ಗೆಟ್ ಎಂಬ ಪದಗಳು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ತರಿಸಿಕೊಳ್ಳುವಾಗ ಬರುವ ಕಿಟಕಿಯಲ್ಲಿ ದಿಕ್ಕಿಲ್ಲದ ಜಾಲ, ಅಂದರೆ ಅನ್‌ಡೈರೆಕ್ಟೆಡ್, ಎಂದು ಆರಿಸಿದ್ದೀರಾ ನೋಡಿಕೊಳ್ಳಿ. ಬಂಧುತ್ವಕ್ಕೆ ದಿಕ್ಕಿಲ್ಲ, ಹಣದ ವರ್ಗಾವಣೆಗೆ, ಆದೇಶಕ್ಕೆ ದಿಕ್ಕಿದೆ.

6. ಸಭೆಗಳನ್ನು ಕೊಂಡಿಗಳಾಗಿಸುವಾಗ

ದಾಖಲೆಗಳು ಬಹಳ ಸಲ "ಕ ಮತ್ತು ಖ ಭೇಟಿಯಾದರು" ಎನ್ನುವುದಿಲ್ಲ, "ಆ ಶಿಬಿರದಲ್ಲಿ ಇಪ್ಪತ್ತು ಮಂದಿಯಿದ್ದರು" ಎನ್ನುತ್ತವೆ. ವ್ಯಕ್ತಿಗಳು ಒಂದು ಕಡೆ, ಘಟನೆಗಳು ಇನ್ನೊಂದು ಕಡೆ ಇರುವ ಇಂಥ ದತ್ತಾಂಶಕ್ಕೆ ದ್ವಿಪದರ ಜಾಲ ಎನ್ನಬಹುದು. ಇದನ್ನು ವ್ಯಕ್ತಿ–ವ್ಯಕ್ತಿ ಜಾಲವಾಗಿಸಿದರೆ, ಒಂದೇ ಘಟನೆಯಲ್ಲಿದ್ದ ಎಲ್ಲರೂ ಒಬ್ಬರಿಗೊಬ್ಬರು ಕೊಂಡಿಯಾಗುತ್ತಾರೆ. 5 ಜನರ ಸಭೆಗೆ 10 ಕೊಂಡಿ. 20 ಜನರ ಶಿಬಿರಕ್ಕೆ 190! ಒಂದೇ ಶಿಬಿರ ನಿಮ್ಮ ಇಡೀ ನಕ್ಷೆಯನ್ನು ನುಂಗಿಹಾಕುತ್ತದೆ, ಅಲ್ಲಿದ್ದವರೆಲ್ಲ ಮುಖ್ಯರಂತೆ ಕಾಣುತ್ತಾರೆ.

ಪರಿಹಾರ ಸರಳ. ಘಟನೆಯಲ್ಲಿದ್ದವರ ಸಂಖ್ಯೆಯಲ್ಲಿ ಒಂದು ಕಳೆದು, 1ನ್ನು ಅದರಿಂದ ಭಾಗಿಸಿ ಆ ಕೊಂಡಿಗೆ ತೂಕ ಕೊಡಿ. 5 ಜನರ ಸಭೆಯ ಪ್ರತಿ ಕೊಂಡಿಗೆ 0.25, 20 ಜನರ ಶಿಬಿರದ ಪ್ರತಿ ಕೊಂಡಿಗೆ ಸುಮಾರು 0.05. ಚಿಕ್ಕ ಕೋಣೆಯಲ್ಲಿ ಕೂತವರ ಪರಿಚಯ ಗಟ್ಟಿ ಎಂಬ ಸಾಮಾನ್ಯ ತಿಳಿವಳಿಕೆಯೇ ಇದರ ಹಿಂದಿದೆ. ನೂರಾರು ಜನ ಸೇರಿದ ಬಹಿರಂಗ ಸಭೆ, ಪ್ರಾರ್ಥನಾ ಸ್ಥಳ, ಕಾಲೇಜು ಇಂಥವುಗಳಿಂದ ಕೊಂಡಿ ಹುಟ್ಟಿಸಲೇಬೇಡಿ. ಅಲ್ಲಿದ್ದವರಲ್ಲಿ ಬಹುತೇಕರಿಗೂ ಗುಂಪಿಗೂ ಯಾವ ಸಂಬಂಧವೂ ಇರುವುದಿಲ್ಲ.

7. ಲೆಕ್ಕ ಹಾಕಿ

ಕೇಂದ್ರೀಯತೆ, ಅಂದರೆ ಜಾಲದಲ್ಲಿ ಒಬ್ಬರ ಸ್ಥಾನ ಎಷ್ಟು ನಡುವಿನದು ಎಂಬುದನ್ನು ಹಲವು ಬಗೆಯಲ್ಲಿ ಅಳೆಯುತ್ತಾರೆ. ಎರಡು ಚೆನ್ನಾಗಿ ಅರ್ಥವಾದರೆ ಮಿಕ್ಕವು ಸುಲಭ. ಡಿಗ್ರಿ ಎಂದರೆ ಒಬ್ಬರಿಗೆ ನೇರವಾಗಿ ಇರುವ ಕೊಂಡಿಗಳ ಎಣಿಕೆ. ಬಿಟ್ವೀನ್‌ನೆಸ್ ಎಂದರೆ ಬೇರೆ ಇಬ್ಬರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಇವರು ಎಷ್ಟು ಸಲ ಸಿಗುತ್ತಾರೆ ಎಂಬ ಎಣಿಕೆ. ಇದನ್ನು ಸೇತುತನ ಎನ್ನೋಣ.

ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. ಕ, ಖ, ಗ ಮೂವರೂ ಪರಸ್ಪರ ಪರಿಚಿತರು. ಟ, ಠ, ಡ ಮೂವರೂ ಹಾಗೆಯೇ. ನಡುವೆ ಚ ಎಂಬಾತ. ಅವನಿಗೆ ಗ ಮತ್ತು ಟ ಇಬ್ಬರದ್ದೇ ಪರಿಚಯ. ಒಟ್ಟು 7 ಬಿಂದು, 8 ಕೊಂಡಿ. ಇರಬಹುದಾದ ಕೊಂಡಿಗಳು 21, ಹಾಗಾಗಿ ಸಾಂದ್ರತೆ 0.38. ಗ ಮತ್ತು ಟರ ಡಿಗ್ರಿ 3, ಮಿಕ್ಕ ಎಲ್ಲರದ್ದೂ 2. ಡಿಗ್ರಿ ನೋಡಿದರೆ ಚ ಏನೂ ಅಲ್ಲ. ಆದರೆ ಎಡಗಡೆಯ ಮೂವರಿಂದ ಬಲಗಡೆಯ ಮೂವರಿಗೆ ಹೋಗುವ 9 ಜೋಡಿಗಳ ದಾರಿಯೂ ಅವನ ಮೂಲಕವೇ, ಆದ್ದರಿಂದ ಅವನ ಸೇತುತನ 9. ಗ ಮತ್ತು ಟರದ್ದು 8, ಉಳಿದ ನಾಲ್ವರದ್ದು 0.

ಗುಪ್ತ ಗುಂಪುಗಳಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಅರ್ಥವಿದೆ. ಹೆಚ್ಚು ಜನರ ಪರಿಚಯ ಎಂದರೆ ಹೆಚ್ಚು ಸಾಕ್ಷಿಗಳು. ಅಮೆರಿಕದ ಭಾರೀ ವಿದ್ಯುತ್ ಉಪಕರಣ ಕಂಪನಿಗಳ ಬೆಲೆ ನಿಗದಿ ಸಂಚನ್ನು 1993ರಲ್ಲಿ ಜಾಲವಾಗಿ ವಿಶ್ಲೇಷಿಸಿದ ವೇಯ್ನ್ ಬೇಕರ್ ಮತ್ತು ರಾಬರ್ಟ್ ಫಾಕ್ನರ್, ಗುಟ್ಟು ಕಾಯುವ ಅಗತ್ಯವೇ ಜಾಲದ ಆಕಾರವನ್ನು ನಿರ್ಧರಿಸುತ್ತದೆ ಎಂದೂ, ನೇರ ಸಂಪರ್ಕಗಳು ಹೆಚ್ಚಿದ್ದವರಿಗೆ ಶಿಕ್ಷೆಯ ಸಾಧ್ಯತೆ ಹೆಚ್ಚಿತ್ತೆಂದೂ ತೋರಿಸಿದರು. 2007ರಲ್ಲಿ ಕಾರ್ಲೊ ಮಾರ್ಸೆಲಿ ಮತ್ತು ಸಂಗಡಿಗರು ಇದನ್ನು ವೇಗ ಮತ್ತು ಸುರಕ್ಷತೆಯ ನಡುವಿನ ಕೊಡುಕೊಳ್ಳುವಿಕೆಯಾಗಿ ವಿವರಿಸಿದರು: ಲಾಭಕ್ಕಾಗಿ ನಡೆಯುವ ಅಪರಾಧದಲ್ಲಿ ಕೆಲಸ ಬೇಗ ಬೇಗ ಆಗಬೇಕು, ಸಂಪರ್ಕ ಹೆಚ್ಚು, ಸಿದ್ಧಾಂತಕ್ಕಾಗಿ ನಡೆಯುವ ಹಿಂಸೆಯಲ್ಲಿ ಕಾಯಲು ಸಮಯವಿದೆ, ಸಂಪರ್ಕ ಕಡಿಮೆ. ಹಾಗಾಗಿ ಎರಡು ಬಗೆಯ ಗುಂಪುಗಳ ಸಾಂದ್ರತೆಯನ್ನು ಅಕ್ಕಪಕ್ಕ ಇಟ್ಟು "ಇದು ಸಡಿಲ, ಅದು ಬಿಗಿ" ಎನ್ನಬೇಡಿ. ಗಾತ್ರ ಹೆಚ್ಚಿದಂತೆ ಸಾಂದ್ರತೆ ತಾನಾಗಿಯೇ ಇಳಿಯುತ್ತದೆ ಎಂಬುದೂ ನೆನಪಿರಲಿ.

ತಂತ್ರಾಂಶದಲ್ಲಿ ಕಾಲು ಜಾರುವ ಜಾಗಗಳು:

ನೆಟ್‌ವರ್ಕ್‌ಎಕ್ಸ್ ಸೇತುತನವನ್ನು ತಾನಾಗಿಯೇ 0ಯಿಂದ 1ರ ಅಳತೆಗೆ ತರುತ್ತದೆ, ಮೇಲಿನ ಚಗೆ 9ರ ಬದಲು 0.6 ಬರುತ್ತದೆ. ಗೆಫಿ ನೀವು ಕೇಳಿದರೆ ಮಾತ್ರ ಹಾಗೆ ಮಾಡುತ್ತದೆ. ಎರಡರ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ತೂಕದ ವಿಷಯ ಇನ್ನೂ ಸೂಕ್ಷ್ಮ. ಐಗ್ರಾಫ್‌ನಲ್ಲಿ ಕೊಂಡಿಗೆ ತೂಕವಿದ್ದರೆ ಅದನ್ನು ಕೇಳದೆಯೇ 'ದೂರ' ಎಂದು ಓದಿಕೊಳ್ಳುತ್ತದೆ. ನೆಟ್‌ವರ್ಕ್‌ಎಕ್ಸ್‌ಗೆ ತೂಕ ಬಳಸು ಎಂದರೆ ಅದೂ ಹಾಗೆಯೇ. ನೀವು ಗಟ್ಟಿ ನಂಟಿಗೆ 5 ಕೊಟ್ಟಿದ್ದರೆ, ಯಂತ್ರ ಅವರಿಬ್ಬರನ್ನು ಐದು ಪಟ್ಟು ದೂರ ಇಡುತ್ತದೆ. ಉತ್ತರ ಪೂರ್ತಿ ತಲೆಕೆಳಗಾದರೂ ಯಾವ ದೋಷ ಸಂದೇಶವೂ ಬರುವುದಿಲ್ಲ. 1ನ್ನು ತೂಕದಿಂದ ಭಾಗಿಸಿ ಕೊಡಿ. ಗೆಫಿಯ ಸೇತುತನದ ಲೆಕ್ಕ ತೂಕವನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಉಪಗುಂಪುಗಳನ್ನು ಹುಡುಕುವ ಲೂವೆನ್ ವಿಧಾನದಲ್ಲಿ ಆಕಸ್ಮಿಕದ ಅಂಶವಿದೆ, ಪ್ರತಿ ಸಲ ಉತ್ತರ ಸ್ವಲ್ಪ ಬೇರೆಯಾಗಬಹುದು. ನೂರು ಸಲ ಓಡಿಸಿ, ಯಾವ ಜೋಡಿಗಳು ಬಹುತೇಕ ಯಾವಾಗಲೂ ಒಂದೇ ಗುಂಪಿನಲ್ಲಿ ಬರುತ್ತವೋ ಅವನ್ನು ಮಾತ್ರ ನಂಬಿ. ಇನ್ನು ಚಿತ್ರದ ನಡುವೆ ಯಾರು ಕೂತಿದ್ದಾರೆ ಎಂಬುದಕ್ಕೆ ಅರ್ಥ ಹಚ್ಚಬೇಡಿ. ಫೋರ್ಸ್‌ಅಟ್ಲಾಸ್‌ನಂಥ ವಿನ್ಯಾಸಗಳು ಬಿಂದುಗಳನ್ನು ಕಣ್ಣಿಗೆ ಅನುಕೂಲವಾಗುವಂತೆ ಹರಡುತ್ತವೆ, ಅಷ್ಟೆ.

8. ಕಾಣೆಯಾದ ಕೊಂಡಿಗಳನ್ನು ಪರೀಕ್ಷಿಸಿ

ಮೇಲಿನ ಏಳು ಜನರ ಚಿತ್ರಕ್ಕೆ ಒಂದೇ ಒಂದು ಕೊಂಡಿ ಸೇರಿಸಿ: ಖ ಮತ್ತು ಠ ಹಳೆಯ ಸಹಪಾಠಿಗಳು, ತನಿಖೆಗೆ ಅದು ಗೊತ್ತಾಗಿರಲಿಲ್ಲ. ಮತ್ತೆ ಲೆಕ್ಕ ಹಾಕಿ. ಚನ ಸೇತುತನ 9ರಿಂದ 2ಕ್ಕೆ ಕುಸಿಯುತ್ತದೆ. ಸೊನ್ನೆಯಲ್ಲಿದ್ದ ಖ ಮತ್ತು ಠ 4ಕ್ಕೆ ಏರಿ ಎಲ್ಲರಿಗಿಂತ ಮೇಲೆ ಬರುತ್ತಾರೆ. ಒಂದು ಸಾಲು ಕಡತದಲ್ಲಿ ಇಲ್ಲದಿದ್ದ ಮಾತ್ರಕ್ಕೆ "ಚನೇ ಸೇತುವೆ" ಎಂದು ನೀವು ಬರೆದಿರುತ್ತಿದ್ದಿರಿ, ಓದಿದವರು ನಂಬಿರುತ್ತಿದ್ದರು. ಈ ಹಂತವನ್ನು ಬಿಟ್ಟ ಯಾವ ಲೇಖನವನ್ನೂ ಗಂಭೀರವಾಗಿ ತೆಗೆದುಕೊಳ್ಳಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮಾಡಬೇಕಾದ್ದು ಇಷ್ಟು. ಶೇ 10ರಷ್ಟು ಕೊಂಡಿಗಳನ್ನು ಯಾದೃಚ್ಛಿಕವಾಗಿ ತೆಗೆದು ಲೆಕ್ಕ ಹಾಕಿ. ಇದನ್ನು 500 ಸಲ ಪುನರಾವರ್ತಿಸಿ. ಮೊದಲ ಐದು ಸ್ಥಾನದವರು ಎಷ್ಟು ಸಲ ಮೊದಲ ಐದರಲ್ಲೇ ಉಳಿದರು ಎಂದು ಎಣಿಸಿ. ನಂತರ ಅಷ್ಟೇ ಕೊಂಡಿಗಳನ್ನು ಸೇರಿಸಿ ಹೀಗೆಯೇ ನೋಡಿ. ಶೇ 20, ಶೇ 30ಕ್ಕೂ ಮಾಡಿ. ಖಚಿತತೆ 1 ಇರುವ ಕೊಂಡಿಗಳನ್ನೆಲ್ಲ ತೆಗೆದು ಒಮ್ಮೆ ಪ್ರತ್ಯೇಕವಾಗಿ ನೋಡಿ. ಯಾದೃಚ್ಛಿಕ ತಪ್ಪುಗಳು ಹೆಚ್ಚಿದಂತೆ ಕೇಂದ್ರೀಯತೆಯ ಅಳತೆಗಳು ಹಂತಹಂತವಾಗಿ ಕೆಡುತ್ತವೆ, ಒಮ್ಮೆಲೇ ಮುರಿದು ಬೀಳುವುದಿಲ್ಲ ಎಂದು ಸ್ಟೀವ್ ಬೊರ್ಗಾಟಿ, ಕ್ಯಾಥ್ಲೀನ್ ಕಾರ್ಲೆ, ಡೇವಿಡ್ ಕ್ರ್ಯಾಕ್‌ಹಾರ್ಟ್ 2006ರಲ್ಲಿ ತೋರಿಸಿದ್ದಾರೆ. ಆದರೆ ಇದನ್ನೇ ಧೈರ್ಯವೆಂದುಕೊಳ್ಳಬೇಡಿ: ಗುಪ್ತ ಗುಂಪಿನಲ್ಲಿ ಕೊಂಡಿಗಳು ಯಾದೃಚ್ಛಿಕವಾಗಿ ಕಾಣೆಯಾಗುವುದಿಲ್ಲ, ಮರೆಮಾಡಲು ಕಾರಣವಿದ್ದವೇ ಕಾಣೆಯಾಗುತ್ತವೆ. ಆದ್ದರಿಂದ ಉಲ್ಲೇಖದ ಪುಟಗಳು ಕಡಿಮೆಯಿರುವವರ ನಡುವೆಯೇ ಹೊಸ ಕೊಂಡಿಗಳನ್ನು ಸೇರಿಸಿ ಇನ್ನೊಂದು ಪರೀಕ್ಷೆ ಮಾಡಿ. ಅಲ್ಲೂ ನಿಂತ ಫಲಿತಾಂಶವನ್ನು ಧೈರ್ಯವಾಗಿ ಬರೆಯಬಹುದು.

ಕಾಲವನ್ನೂ ಇಲ್ಲೇ ನೋಡಿ. ಹತ್ತು ವರ್ಷದ ಕೊಂಡಿಗಳನ್ನು ಒಂದೇ ಚಿತ್ರದಲ್ಲಿ ಸುರಿದರೆ, ಸತ್ತವನ ಮೂಲಕ ಹೊಸಬನಿಗೆ ಸಂದೇಶ ಹೋದಂತೆ ಕಾಣುತ್ತದೆ. ಕ–ಖ ಭೇಟಿ 2003ರಲ್ಲಿ, ಖ–ಗ ಭೇಟಿ 1999ರಲ್ಲಿ ಮಾತ್ರ ನಡೆದಿದ್ದರೆ, ಆ ಭೇಟಿಗಳಲ್ಲಿ ಗನಿಂದ ಕಗೆ ಸುದ್ದಿ ಹೋಗಬಹುದು, ಕನಿಂದ ಗಗೆ ಹೋಗಲಾರದು. ಬಂಧನ, ದಾಳಿ, ನಾಯಕನ ಸಾವು ಇಂಥ ತಿರುವುಗಳಲ್ಲಿ ಜಾಲವನ್ನು ತುಂಡು ಮಾಡಿ ಪ್ರತಿ ತುಂಡಿಗೂ ಪ್ರತ್ಯೇಕ ಲೆಕ್ಕ ಹಾಕಿ. ಸಮವಾಗಿ ವರ್ಷ ವರ್ಷಕ್ಕೆ ಕತ್ತರಿಸುವುದಕ್ಕಿಂತ ಇದು ಒಳ್ಳೆಯದು.

9. ಬರೆಯುವಾಗ

ಅಳತೆ ಹೇಳುವುದನ್ನಷ್ಟೇ ಬರೆಯಿರಿ. "ದಾಖಲಾದ ಕೊಂಡಿಗಳಲ್ಲಿ ಇವರು ಎರಡು ತಂಡಗಳ ನಡುವೆ ಬರುತ್ತಾರೆ" ಎಂಬುದು ಸರಿ. "ಇವರೇ ಸೂತ್ರಧಾರ" ಎಂಬ ಮಾತಿಗೆ ಜಾಲದ ಹೊರಗಿನ ಆಧಾರ ಬೇಕು: ಆದೇಶ ಕೊಟ್ಟ ದಾಖಲೆ, ನ್ಯಾಯಾಲಯದ ನಿರ್ಣಯ. ಪತ್ರ ತಲುಪಿಸುವ ಹುಡುಗನ ಸೇತುತನ ಸೇನಾಪತಿಗಿಂತ ಹೆಚ್ಚಿರಬಹುದು.

ಈ ವಿಧಾನದಿಂದ ಹೊಸ ಉಗ್ರರನ್ನು ಪತ್ತೆಹಚ್ಚಬಹುದೇ ಎಂದು ಕೇಳುವವರಿಗೆ ಒಂದು ಲೆಕ್ಕ. 10 ಲಕ್ಷ ಜನರಲ್ಲಿ ನಿಜವಾದ ಉಗ್ರರು 100 ಮಂದಿ ಎಂದಿಟ್ಟುಕೊಳ್ಳಿ. ನಿಮ್ಮ ವಿಧಾನ ಉಗ್ರರನ್ನು ಗುರುತಿಸುವುದರಲ್ಲೂ, ಅಮಾಯಕರನ್ನು ಬಿಡುವುದರಲ್ಲೂ ಶೇ 99ರಷ್ಟು ಸರಿ. ಅದು 99 ಉಗ್ರರನ್ನು ಹಿಡಿಯುತ್ತದೆ, ಜೊತೆಗೆ 9,999 ಅಮಾಯಕರನ್ನೂ. ಬೊಟ್ಟು ಮಾಡಿದ ಪ್ರತಿ 102 ಜನರಲ್ಲಿ 101 ಮಂದಿ ಏನೂ ಮಾಡದವರು. ನಿಜದ ಜಾಲ ದತ್ತಾಂಶದಲ್ಲಿ ಶೇ 99ರ ನಿಖರತೆ ಕನಸಿನ ಮಾತು. ಮುಗಿದುಹೋದ ಘಟನೆಯನ್ನು ಅರ್ಥಮಾಡಿಕೊಳ್ಳಲು ಇದು ಬಲವಾದ ಸಾಧನ. ಕ್ರೆಬ್ಸ್ ಬಿಡಿಸಿದ 19 ಜನರ ನಕ್ಷೆ ಅಷ್ಟು ಸ್ಪಷ್ಟವಾಗಿ ಬಂದದ್ದೂ ಆ 19 ಹೆಸರುಗಳು ಮೊದಲೇ ಗೊತ್ತಿದ್ದುದರಿಂದ.

10. ದತ್ತಾಂಶವನ್ನು ಇಡುವುದು, ಹಂಚುವುದು

ಶುರುಮಾಡುವ ಮೊದಲೇ ನಿಮ್ಮ ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆ ಪಡೆಯಿರಿ. ಉಗ್ರ ಗುಂಪುಗಳ ಪ್ರಚಾರ ಸಾಮಗ್ರಿ ಇಟ್ಟುಕೊಳ್ಳುವುದೇ ಕೆಲವು ದೇಶಗಳಲ್ಲಿ ಅಪರಾಧವಾಗುತ್ತದೆ, ಕಾನೂನು ಸಲಹೆ ಇಲ್ಲದೆ ಡೌನ್‌ಲೋಡ್ ಮಾಡಬೇಡಿ. ಸುಳ್ಳು ಗುರುತಿನಲ್ಲಿ ಅವರ ಗುಂಪುಗಳಿಗೆ ಸೇರಿ ಮಾಹಿತಿ ತೆಗೆಯುವ ಕೆಲಸಕ್ಕಂತೂ ಕೈಹಾಕಲೇಬೇಡಿ.

ವಿಶ್ಲೇಷಣೆಯ ಕಡತದಲ್ಲಿ ಗುರುತಿನ ಸಂಖ್ಯೆಗಳು ಮಾತ್ರ ಇರಲಿ; ಸಂಖ್ಯೆಗೂ ಹೆಸರಿಗೂ ನಂಟು ಹೇಳುವ ಕೀಲಿಹಾಳೆಯನ್ನು ಪಾಸ್‌ವರ್ಡ್ ಹಾಕಿ ಬೇರೆ ಕಡೆ ಇಡಿ. ಪ್ರಕಟಿಸುವ ಚಿತ್ರದಲ್ಲಿ ಶಿಕ್ಷೆಯಾದ ಅಥವಾ ಅಧಿಕೃತ ವರದಿಗಳಲ್ಲಿ ಸ್ಥಾಪಿತವಾದ ಹೆಸರುಗಳನ್ನು ಮಾತ್ರ ಕಾಣಿಸಿ, ಮಿಕ್ಕವರಿಗೆ ಸಂಖ್ಯೆ ಸಾಕು. ಹೆಸರು ತೆಗೆದರೂ ಊರು, ವಯಸ್ಸು, ಪಾತ್ರ ಮೂರೂ ಇದ್ದರೆ ಯಾರೆಂದು ತಿಳಿದುಹೋಗುತ್ತದೆ, ಅವುಗಳಲ್ಲಿ ಒಂದನ್ನಾದರೂ ಕೈಬಿಡಿ.

ಮೇಲ್ಮನವಿಯಲ್ಲಿ ತೀರ್ಪುಗಳು ಬದಲಾಗುತ್ತವೆ. ಆರು ತಿಂಗಳಿಗೊಮ್ಮೆ ವ್ಯಕ್ತಿಗಳ ಹಾಳೆಯಲ್ಲಿನ ಫಲಿತಾಂಶದ ಅಂಕಣವನ್ನು ಮತ್ತೆ ಪರಿಶೀಲಿಸಿ. ಯಾರಾದರೂ ಖುಲಾಸೆಯಾಗಿದ್ದರೆ ಅವರ ಬಿಂದುವನ್ನೂ ಅವರ ಎಲ್ಲ ಕೊಂಡಿಗಳನ್ನೂ ತೆಗೆದು, 7ನೇ ಹಂತದಿಂದ ಲೆಕ್ಕವನ್ನು ಮತ್ತೆ ಮಾಡಿ, ಹಳೆಯ ಚಿತ್ರ ಎಲ್ಲೆಲ್ಲಿ ಪ್ರಕಟವಾಗಿದೆಯೋ ಅಲ್ಲೆಲ್ಲ ಹೊಸದನ್ನು ದಿನಾಂಕದ ಸಮೇತ ಹಾಕಿಸಿ.